ಬೆಳಕಿನ ಅಳತೆಗೋಲು

ವೇಗವೂ ಕಾಲವೂ ತಿಳಿದರೆ ದೂರವೆಷ್ಟು? ಈ ಲೆಕ್ಕವನ್ನು ನಮ್ಮ ಶಾಲೆಯಲ್ಲಿ ಮಾಡದ ಬಾಲಿಕೆಯಿಲ್ಲ. ಇದೇ ಲೆಕ್ಕವು ಒಂದು ದೇಶವನ್ನು ಕಾಯುವ ಬಗೆಯನ್ನು ಕೇಳಿರಿ.

ಹಾಲೆಂಡ್ ದೇಶದ ಸುಮಾರು ಕಾಲು ಭಾಗವು ಸಮುದ್ರಮಟ್ಟಕ್ಕಿಂತ ತಗ್ಗಾಗಿರುತ್ತದೆ. 1953ನೆಯ ಇಸವಿ ಫೆಬ್ರವರಿ 1ನೆಯ ತಾರೀಖು ಕಡಲು ಒಡ್ಡುಗಳನ್ನು ಒಡೆದು ನುಗ್ಗಲು, ಅಲ್ಲಿ 1,836 ಮಂದಿ ಮಡಿದರು. ಒಡ್ಡು ಎಲ್ಲಿ ಕುಸಿದಿದೆಯೆಂದು ಮುಂಚಿತವಾಗಿ ಅರಿಯುವುದು ಅವರಿಗೆ ಪ್ರಾಣದ ಪ್ರಶ್ನೆ. ಆದುದರಿಂದ 1997ರ ಸುಮಾರಿಗೆ ಆರಂಭಿಸಿ, ಇಡೀ ದೇಶದ ಎತ್ತರವನ್ನು ಆಕಾಶದಿಂದ ಲೇಸರ್ ಕಿರಣದ ಮೂಲಕ ಅಳೆದರು. ಆಮೇಲೂ ಪುನಃ ಪುನಃ ಅಳೆದಿದ್ದಾರೆ.

ವಿಮಾನದಿಂದ ಹೊರಟ ಕಿರಣವು ನೆಲಕ್ಕೆ ತಾಕಿ ಹಿಂದಿರುಗುವ ಕಾಲವನ್ನು ಯಂತ್ರವು ಗುರುತಿಸುವುದು. ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಅದರಿಂದ ಕಾಲವನ್ನು ಗುಣಿಸಿದರೆ ಹೋಗಿಬಂದ ದಾರಿ. ಅದರ ಅರ್ಧವೇ ದೂರ. ವಿಮಾನವಿದ್ದ ಸ್ಥಾನವನ್ನು ಉಪಗ್ರಹಗಳ ಸಹಾಯದಿಂದ ತಿಳಿದು, ನೆಲದ ಎತ್ತರವನ್ನು ಕಂಡುಕೊಳ್ಳುವರು.

ಆದರೆ ಕಾಲದಲ್ಲಿ ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲು ತಪ್ಪಿದರೂ ದೂರವು ಒಂದೂವರೆ ಮೀಟರು ತಪ್ಪುತ್ತದೆ. ಕುಸಿದ ಒಡ್ಡು ಭದ್ರವೆಂದು ತೋರೀತು. ಹೆತ್ತವರೇ, ಸಣ್ಣ ತಪ್ಪಿಗಾಗಿ ನಿಮ್ಮ ಮಗಳಿಂದ ಲೆಕ್ಕವನ್ನು ಮತ್ತೆ ಮಾಡಿಸಿದಾಗ ಬೇಸರಪಡಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ಅಂದು ನಿಮ್ಮಿಂದ ಏಕೆ ಮಾಡಿಸಿದೆವೆಂಬುದನ್ನು ಈಗಲಾದರೂ ಬಲ್ಲಿರಿ.