ವಾಗ್ದಾನದ ನಾಡು, ಋಣದ ಬದುಕು: ಮಿಟೆಲ್‌ಬರ್ಗರ್‌ನ ಪೆನ್ಸಿಲ್ವೇನಿಯಾ ಕಥನ

ಹದಿನೆಂಟನೆಯ ಶತಮಾನದ ಜರ್ಮನ್ ವಲಸಿಗರನ್ನು ಅಮೆರಿಕವು ಮೊದಲು ತಲುಪಿದ್ದು ಮಾತಿನ ಮೂಲಕ. ವಿಲಿಯಂ ಪೆನ್ 1681ರಿಂದ ಹೊರತಂದ ಪ್ರಚಾರ ಪುಸ್ತಿಕೆಗಳು ಜರ್ಮನ್ ಭಾಷೆಗೂ ಅನುವಾದಗೊಂಡಿದ್ದವು. ಮುಂದೆ ಹಡಗು ವ್ಯಾಪಾರಿಗಳ ಪರವಾಗಿ ಊರೂರು ತಿರುಗಿದ ದಳ್ಳಾಳಿಗಳು ಅವಕ್ಕೆ ಇನ್ನಷ್ಟು ಬಣ್ಣ ಹಚ್ಚಿದರು. 1750ರಲ್ಲಿ ಆರ್ಗನ್ ವಾದ್ಯವೊಂದರೊಡನೆ ಪೆನ್ಸಿಲ್ವೇನಿಯಾಕ್ಕೆ ಹೊರಟ ಗಾಟ್‌ಲೀಬ್ ಮಿಟೆಲ್‌ಬರ್ಗರ್ 1756ರಲ್ಲಿ ಪ್ರಕಟಿಸಿದ ಪ್ರವಾಸಕಥನವು ಈ ಮಾತುಗಳಿಗೆ ಕೊಟ್ಟ ಉತ್ತರದಂತಿದೆ.

ಹಡಗಿನ ಹಸಿವು, ಜ್ವರ, ಕೆಟ್ಟ ನೀರುಗಳ ವರ್ಣನೆಯೇ ಸಾಮಾನ್ಯವಾಗಿ ಗಮನ ಸೆಳೆಯುತ್ತದೆ. ಕೃತಿಯ ನಿಜವಾದ ತೀಕ್ಷ್ಣತೆ ಇರುವುದು ಕರಾರಿನ ವಿವರಗಳಲ್ಲಿ. ಪ್ರಯಾಣದ ಹಣ ತೆರಲಾರದವರನ್ನು ಫಿಲಡೆಲ್ಫಿಯಾದಲ್ಲಿ ಹಡಗಿನ ಮೇಲೆಯೇ ಕೊಳ್ಳುವವರು ಆರಿಸಿಕೊಳ್ಳುತ್ತಿದ್ದರು. ವಯಸ್ಕರಿಗೆ 3ರಿಂದ 6 ವರ್ಷಗಳ ದುಡಿಮೆ. 10ರಿಂದ 15ರ ವಯಸ್ಸಿನವರಿಗೆ 21 ತುಂಬುವವರೆಗೆ. ಅರ್ಧಕ್ಕಿಂತ ಹೆಚ್ಚು ದಾರಿ ಸಾಗಿದ ಮೇಲೆ ಗಂಡ ಸತ್ತರೆ ಅವನ ಪಾಲನ್ನೂ ಹೆಂಡತಿಯೇ ತೀರಿಸಬೇಕಿತ್ತು. ಈ ಋಣಕ್ಕೆ ಕೊನೆಯ ದಿನವೊಂದಾದರೂ ಇತ್ತು. ಅದೇ ವಸಾಹತಿನ ಆಫ್ರಿಕನ್ ಗುಲಾಮರಿಗೆ ಅದೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಆದರೂ ಇದನ್ನು ವಾಸ್ತವದ ನೇರ ದಾಖಲೆಯೆಂದು ಓದುವುದು ಅವಸರದ ತೀರ್ಮಾನವಾದೀತು. 1754ರಲ್ಲಿ ತಾಯ್ನಾಡಿಗೆ ಹಿಂದಿರುಗಿದ ಲೇಖಕನಿಗೆ ತನ್ನ ಜನ ವಲಸೆ ಹೋಗದಂತೆ ಎಚ್ಚರಿಸುವುದೇ ಮುಖ್ಯ ಉದ್ದೇಶ. ಪೆನ್‌ನ ಪುಸ್ತಿಕೆಗಳಂತೆ ಇದೂ ಓದುಗರನ್ನು ಒಲಿಸಹೊರಟ ಬರಹವೇ. ಹಾಗಿದ್ದೂ ಆ ನಾಡಿನ ಸಮೃದ್ಧಿಯನ್ನು ಅವನು ಮರೆಮಾಚುವುದಿಲ್ಲ. ಅಲ್ಲಿ ಹಲವು ಪಂಥಗಳು ಒಟ್ಟಿಗೆ ಬದುಕುವ ಸ್ವಾತಂತ್ರ್ಯ ಮಾತ್ರ ಅವನಿಗೆ ಅವ್ಯವಸ್ಥೆಯಾಗಿ ಕಂಡಿತು. ಅನೇಕರು ಕಡಲು ದಾಟಿದ್ದು ಅದನ್ನೇ ಅರಸಿ.