ಸರಪಳಿ ಗರಗಸವೂ ಅದರ ಪಟ್ಟಿಯ ಉದ್ದವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್, ಮೇನ್ ಮೊದಲಾದ ಪ್ರಾಂತಗಳಲ್ಲಿ ಚಳಿಗಾಲವು ದೀರ್ಘವಾದುದು, ಕಠೋರವಾದುದು. ಅಲ್ಲಿಯ ಹಳ್ಳಿಗಾಡಿನ ಎಷ್ಟೋ ಮನೆಗಳು ಇಂದಿಗೂ ಸೌದೆಯ ಒಲೆಯಿಂದಲೇ ಬೆಚ್ಚಗಿರುವುವು. ಓಕ್, ಮೇಪಲ್, ಆಶ್, ಬರ್ಚ್ ಮರಗಳನ್ನು ಕಡಿದು, ತುಂಡುಮಾಡಿ, ಸೀಳಿ, ಒಣಗಿಸಿ, ಹಿಮ ಬೀಳುವ ಮುನ್ನವೇ ಒಟ್ಟಿಡಬೇಕು. ಈ ಸೌದೆಯನ್ನು ಅಳೆಯುವ ಮಾನಕ್ಕೆ ಅವರು ‘ಕಾರ್ಡ್’ ಎನ್ನುವರು. ೪ ಅಡಿ ಅಗಲ, ೪ ಅಡಿ ಎತ್ತರ, ೮ ಅಡಿ ಉದ್ದದ ಒಟ್ಟಿಲು ಒಂದು ಕಾರ್ಡ್. ಎಂದರೆ ೧೨೮ ಘನ ಅಡಿ. ತುಂಡುಗಳ ನಡುವಣ ಗಾಳಿಯನ್ನು ಕಳೆದರೆ ಅದರಲ್ಲಿ ಗಟ್ಟಿ ಮರವು ಸುಮಾರು ೮೫ ಘನ ಅಡಿ, ಅಥವಾ ೨.೪ ಘನ ಮೀಟರ್ ಇರುವುದು.

ಚಳಿಗಾಲಕ್ಕೆ ಐದು ಕಾರ್ಡ್ ಸೌದೆ ಬೇಕಾದ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ದಿಮ್ಮಿಗಳ ವ್ಯಾಸ ೨೫ ಸೆಂಟಿಮೀಟರ್ ಎಂದೂ, ಒಲೆಗೆ ಹಿಡಿಸುವ ತುಂಡಿನ ಉದ್ದ ೪೦ ಸೆಂಟಿಮೀಟರ್ ಎಂದೂ ಇಟ್ಟುಕೊಂಡರೆ, ಒಂದು ಕಾರ್ಡಿಗೆ ಸುಮಾರು ೪೯ ಮೀಟರ್ ಉದ್ದದ ದಿಮ್ಮಿ ಬೇಕು. ಅದನ್ನು ಸುಮಾರು ೧೨೦ ಸಾರಿ ಕೊಯ್ಯಬೇಕು. ಐದು ಕಾರ್ಡಿಗೆ ೬೦೦ ಕೊಯ್ತಗಳು! ಕೈಗರಗಸದಿಂದ ಈ ಕೆಲಸವನ್ನು ಮಾಡಿದ ಹಿಂದಿನವರ ತೋಳುಗಳನ್ನು ಮೆಚ್ಚಲೇಬೇಕು. ಇಂದು ಅದನ್ನು ಮಾಡುವುದು ಸರಪಳಿ ಗರಗಸ. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿನ ಸಿಲ್ವರ್ ಓಕ್ ಮರಗಳನ್ನು ಕೊಯ್ಯುವುದೂ ಇದೇ ಯಂತ್ರ.

ಇಂತಹ ಗರಗಸವನ್ನು ಕೊಳ್ಳಲು ಹೋದವನ ದೃಷ್ಟಿ ಮೊದಲು ಬೀಳುವುದು ಸರಪಳಿಯು ಸುತ್ತುವ ಉಕ್ಕಿನ ಪಟ್ಟಿಯ ಮೇಲೆ. ಪಟ್ಟಿ ಉದ್ದವಾದಷ್ಟೂ ಗರಗಸವು ಬಲಶಾಲಿ ಎಂಬ ಭಾವನೆ ಬಹುಮಂದಿಯಲ್ಲಿ ಉಂಟು. ಇದು ಎಷ್ಟರ ಮಟ್ಟಿಗೆ ನಿಜ? ಇದನ್ನು ನಿರ್ಣಯಿಸಲು ಕಾಲೇಜಿನ ಯಂತ್ರಶಾಸ್ತ್ರವೂ ಬೇಕಿಲ್ಲ, ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು.

ಮೊದಲು ಯಂತ್ರದ ರಚನೆಯನ್ನು ನೋಡೋಣ. ಅದರ ಹೃದಯವು ಒಂದು ಪುಟ್ಟ ಎರಡು ಹೊಡೆತದ ಪೆಟ್ರೋಲ್ ಎಂಜಿನ್. ಮಧ್ಯಮ ಗಾತ್ರದ ಗರಗಸವೆಂದರೆ ಸಿಲಿಂಡರಿನ ಗಾತ್ರ ಸುಮಾರು ೫೦ರಿಂದ ೬೦ ಘನ ಸೆಂಟಿಮೀಟರ್ ಇರತಕ್ಕದ್ದು. ೫೦ ಘನ ಸೆಂಟಿಮೀಟರಿನ ಎಂಜಿನ್ನಿನ ಸಾಮರ್ಥ್ಯ ಸುಮಾರು ೨.೫ ಕಿಲೋವಾಟ್, ಪಟ್ಟಿ, ಸರಪಳಿಗಳನ್ನು ಬಿಟ್ಟು ಅದರ ತೂಕ ಸುಮಾರು ೫ ಕಿಲೋಗ್ರಾಂ. ಎಂಜಿನ್ನಿನ ದಂಡಕ್ಕೆ ಕ್ಲಚ್ಚಿನ ಮೂಲಕ ಸೇರಿದ ಏಳು ಹಲ್ಲಿನ ಚಕ್ರವೊಂದು ಸರಪಳಿಯನ್ನು ಎಳೆಯುವುದು.

ಸರಪಳಿಯ ಹಲ್ಲಿನ ಕಥೆ ಸ್ವಾರಸ್ಯವಾದುದು. ಮೊದಲಿನ ಸರಪಳಿಗಳ ಹಲ್ಲುಗಳು ಕೈಗರಗಸದ ಹಲ್ಲುಗಳಂತೆಯೇ ಮರವನ್ನು ಗೀರುತ್ತಿದ್ದುವು, ಬೇಗನೆ ಮೊಂಡಾಗುತ್ತಿದ್ದುವು. ೧೯೪೬ರಲ್ಲಿ ಅಮೆರಿಕದ ಆರೆಗನ್ ಪ್ರಾಂತದ ಜೋಸೆಫ್ ಕಾಕ್ಸ್ ಎಂಬಾತನು ಮರದ ಬೊಡ್ಡೆಯೊಂದರಲ್ಲಿ ದುಂಬಿಯ ಮರಿಹುಳು ಕೊರೆಯುತ್ತಿದ್ದುದನ್ನು ಕಂಡನು. ಅದರ ಬಾಯಿಯ ಎರಡು ದವಡೆಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ, ನಾರಿನ ಗುಂಟವೂ ನಾರಿಗೆ ಅಡ್ಡಲಾಗಿಯೂ ಸಲೀಸಾಗಿ ಮರವನ್ನು ಕತ್ತರಿಸುತ್ತಿದ್ದುವು. ಕಾಕ್ಸನು ಆ ದವಡೆಯನ್ನೇ ಉಕ್ಕಿನಲ್ಲಿ ಅನುಕರಿಸಿದನು. ಇಂದಿನ ಸರಪಳಿಗಳಲ್ಲಿ ಎಡಬಲಕ್ಕೆ ಒಂದಾದ ಮೇಲೊಂದರಂತೆ ಬಾಗಿದ ಹಲ್ಲುಗಳು ಆ ಹುಳುವಿನ ಕೊಡುಗೆಯೇ ಸರಿ. ಪ್ರತಿ ಹಲ್ಲಿನ ಮುಂದೆಯೂ ಚಿಕ್ಕದೊಂದು ಉಬ್ಬು ಇರುವುದು. ಅದು ಹಲ್ಲಿನ ಅಂಚಿಗಿಂತ ಸುಮಾರು ೦.೬೫ ಮಿಲಿಮೀಟರ್ ತಗ್ಗಾಗಿದ್ದು, ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ಗೊತ್ತುಮಾಡುವುದು.

ಒತ್ತೊತ್ತಾಗಿರುವ ಮೂರು ಗುಬಟು ಮೊಳೆಗಳ ನಡುವಣ ದೂರದ ಅರ್ಧಕ್ಕೆ ಸರಪಳಿಯ ‘ಪಿಚ್’ ಎಂದು ಹೆಸರು. ೫೦ ಘನ ಸೆಂಟಿಮೀಟರಿನ ಗರಗಸಗಳಲ್ಲಿ ಇದು ಸಾಮಾನ್ಯವಾಗಿ ೦.೩೨೫ ಅಂಗುಲ. ಏಳು ಹಲ್ಲಿನ ಚಕ್ರವು ಒಂದು ಸುತ್ತು ತಿರುಗಿದರೆ ಸರಪಳಿಯು ೧೪ ಪಿಚ್, ಎಂದರೆ ೪.೫೫ ಅಂಗುಲ ಅಥವಾ ೧೧.೬ ಸೆಂಟಿಮೀಟರ್ ಮುಂದೆ ಸಾಗುವುದು. ಕೊಯ್ಯುವಾಗ ಎಂಜಿನ್ನು ನಿಮಿಷಕ್ಕೆ ೯,೦೦೦ ಸುತ್ತು, ಎಂದರೆ ಸೆಕೆಂಡಿಗೆ ೧೫೦ ಸುತ್ತು ತಿರುಗಿದರೆ ಸರಪಳಿಯ ವೇಗ ಸೆಕೆಂಡಿಗೆ ೧೭ ಮೀಟರಿಗೂ ಮಿಗಿಲು. ಗಂಟೆಗೆ ೬೨ ಕಿಲೋಮೀಟರ್! ಬಸ್ಸಿನ ವೇಗದಲ್ಲಿ ಓಡುವ ಹಲ್ಲುಗಳು ಕೈಗೆ ಎರಡು ಗೇಣು ದೂರದಲ್ಲಿವೆ ಎಂಬುದನ್ನು ಇಲ್ಲಿಯೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಸಾಮರ್ಥ್ಯವನ್ನು ವೇಗದಿಂದ ಭಾಗಿಸಿದರೆ ಬಲವು ದೊರೆಯುವುದಲ್ಲವೆ? ೨,೫೦೦ ವಾಟ್‌ಗಳನ್ನು ೧೭.೩ರಿಂದ ಭಾಗಿಸಿದರೆ ಸುಮಾರು ೧೪೫ ನ್ಯೂಟನ್. ಘರ್ಷಣೆಯ ನಷ್ಟವನ್ನು ಬಿಟ್ಟು ಹೇಳುವುದಾದರೆ, ಸರಪಳಿಯನ್ನು ಮರದಲ್ಲಿ ಎಳೆಯಲು ನಮಗಿರುವ ಬಂಡವಾಳವೆಲ್ಲ ಇಷ್ಟೆ. ೧೫ ಕಿಲೋಗ್ರಾಂ ಭಾರಕ್ಕೆ ಸಮ. ಇದನ್ನು ಮರದೊಳಗಿರುವ ಹಲ್ಲುಗಳೆಲ್ಲ ಹಂಚಿಕೊಳ್ಳಬೇಕು. ಈ ಸರಪಳಿಯಲ್ಲಿ ಸುಮಾರು ೩.೩ ಸೆಂಟಿಮೀಟರಿಗೆ ಒಂದು ಹಲ್ಲು. ೨೫ ಸೆಂಟಿಮೀಟರ್ ದಿಮ್ಮಿಯ ನಡುಮಧ್ಯದಲ್ಲಿ ಎಂಟು ಹಲ್ಲುಗಳು ಕೊಯ್ಯುತ್ತಿರುವುವು. ಒಂದೊಂದರ ಪಾಲಿಗೆ ೧೮ ನ್ಯೂಟನ್. ದಿಮ್ಮಿಯ ವ್ಯಾಸ ೫೦ ಸೆಂಟಿಮೀಟರಾದರೆ ಹಲ್ಲುಗಳು ಹದಿನೈದು. ಪಾಲು ೧೦ ನ್ಯೂಟನ್ನಿಗೂ ಕಡಮೆ. ಬಲ ಕುಗ್ಗಿದ ಹಲ್ಲು ದಪ್ಪನೆಯ ಚಕ್ಕೆಯನ್ನು ಎಬ್ಬಿಸಲಾರದು, ಪುಡಿಯನ್ನು ಕೆರೆಯುವುದು. ಒಂದೇ ಪ್ರಮಾಣದ ಮರವನ್ನು ಪುಡಿಮಾಡಲು ಚಕ್ಕೆಮಾಡುವುದಕ್ಕಿಂತ ಹೆಚ್ಚು ಶಕ್ತಿ ವ್ಯಯವಾಗುವುದು. ಆಗ ಕೊಯ್ಯುವವನು ಅಸಹನೆಯಿಂದ ಒತ್ತುವನು. ಎಂಜಿನ್ನಿನ ವೇಗ ಕುಸಿಯುವುದು. ಕ್ಲಚ್ಚು ಜಾರಿ ಕಾಯುವುದು.

ಇಲ್ಲಿ ಒಂದು ಸೂಕ್ಷ್ಮವುಂಟು. ಎಂಜಿನ್ನಿಗೆ ಹೊರೆಯಾಗುವುದು ಪಟ್ಟಿಯ ಉದ್ದವಲ್ಲ, ಮರದ ದಪ್ಪ. ೫೦ ಸೆಂಟಿಮೀಟರ್ ಪಟ್ಟಿಯಿಂದ ೨೫ ಸೆಂಟಿಮೀಟರ್ ದಿಮ್ಮಿಯನ್ನು ಕೊಯ್ದರೂ ಒಳಗಿರುವ ಹಲ್ಲುಗಳು ಎಂಟೇ. ಹಾಗಾದರೆ ಉದ್ದ ಪಟ್ಟಿಯಿಂದ ನಷ್ಟವೇನು? ಸರಪಳಿಯ ಘರ್ಷಣೆ ಹೆಚ್ಚುವುದು. ಭಾರವು ಕೈಯಿಂದ ದೂರ ಸರಿದು ಗರಗಸದ ಮೂಗು ಕೆಳಕ್ಕೆ ಜಗ್ಗುವುದು. ಅರೆಯಬೇಕಾದ ಹಲ್ಲುಗಳು ಸುಮಾರು ೩೩ರಿಂದ ೪೦ಕ್ಕೆ ಏರುವುವು. ಎಲ್ಲಕ್ಕಿಂತ ಮುಖ್ಯವಾಗಿ, ಪಟ್ಟಿಯ ತುದಿಯು ದಿಮ್ಮಿಯ ಆಚೆಗೆ, ಕಣ್ಣಿಗೆ ಕಾಣದೆಡೆಯಲ್ಲಿ ಚಾಚಿಕೊಂಡಿರುವುದು.

ಈ ತುದಿಯೇ ಗರಗಸದ ಅತ್ಯಂತ ಅಪಾಯಕರವಾದ ಭಾಗ. ಅದರ ಮೇಲ್ಭಾಗದ ಕಾಲು ವೃತ್ತದಲ್ಲಿ ಹಲ್ಲುಗಳು ಮುಂದಕ್ಕೂ ಕೆಳಕ್ಕೂ ಚಲಿಸುತ್ತಿರುವುವು. ಅಲ್ಲಿಗೆ ಬೇರೊಂದು ದಿಮ್ಮಿಯೋ ಕೊಂಬೆಯೋ ತಗುಲಿ ಹಲ್ಲು ಸಿಕ್ಕಿಕೊಂಡರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಪಟ್ಟಿಯು ಹಿಂದಕ್ಕೂ ಮೇಲಕ್ಕೂ ಎಗರುವುದು. ಎಂದರೆ ಕೊಯ್ಯುವವನ ಮುಖ, ಕುತ್ತಿಗೆ, ಭುಜಗಳ ಕಡೆಗೆ. ಇದು ಕಣ್ಣೆವೆಯಿಕ್ಕುವಷ್ಟರಲ್ಲಿ ನಡೆದುಹೋಗುವುದರಿಂದ ಕೈಚಳಕವನ್ನು ನಂಬಿ ಪ್ರಯೋಜನವಿಲ್ಲ. ಮುಂಗೈಯ ಮುಂದಿರುವ ಕಾಪಿನಿಂದ ಕೆಲಸಮಾಡುವ ಸರಪಳಿ ಬ್ರೇಕು ಇಲ್ಲದ ಹಳೆಯ ಗರಗಸವನ್ನು, ಎಷ್ಟೇ ಅಗ್ಗವಾಗಿ ದೊರೆತರೂ, ಕೊಳ್ಳಬಾರದೆಂದು ನಾವು ನಿಸ್ಸಂಶಯವಾಗಿ ಹೇಳುವೆವು.

ಆದುದರಿಂದ ಮೇಲೆ ಹೇಳಿದ ಮನೆಗೆ ೫೦ ಘನ ಸೆಂಟಿಮೀಟರಿನ ಗರಗಸವೂ ೪೦ ಅಥವಾ ೪೫ ಸೆಂಟಿಮೀಟರಿನ, ಎಂದರೆ ೧೬ ಅಥವಾ ೧೮ ಅಂಗುಲದ ಪಟ್ಟಿಯೂ ಸಾಕು. ೧೬ ಅಂಗುಲದ ಪಟ್ಟಿಗೆ ಇನ್ನೊಂದು ಅನುಕೂಲವುಂಟು: ತುಂಡಿನ ಉದ್ದವನ್ನು ಗುರುತುಮಾಡಲು, ಎಂಜಿನ್ನನ್ನು ನಿಲ್ಲಿಸಿಟ್ಟು, ಅದನ್ನೇ ಅಳತೆಗೋಲಾಗಿ ಬಳಸಬಹುದು. ಅಪರೂಪಕ್ಕೊಮ್ಮೆ ೬೦ ಸೆಂಟಿಮೀಟರಿನ ಬೊಡ್ಡೆ ಬಂದರೆ? ಒಂದು ಪಕ್ಕದಿಂದ ಅರ್ಧ ಕೊಯ್ದು, ಮತ್ತೊಂದು ಪಕ್ಕಕ್ಕೆ ಹೋಗಿ ಉಳಿದುದನ್ನು ಕೊಯ್ಯಬಹುದು. ವರ್ಷಕ್ಕೆ ಹತ್ತು ಬೊಡ್ಡೆಗಳಿಗಾಗಿ ೬೦೦ ಕೊಯ್ತಗಳಲ್ಲಿಯೂ ಉದ್ದ ಪಟ್ಟಿಯನ್ನು ಹೊರುವುದು ಜಾಣತನವಲ್ಲ. ಬರುವ ಮರಗಳಲ್ಲಿ ಬಹುಪಾಲು ೪೫ ಸೆಂಟಿಮೀಟರಿಗೆ ಮೀರಿದ ಓಕ್ ಆದರೆ ಮಾತು ಬೇರೆ. ಆಗ ೬೦ ಘನ ಸೆಂಟಿಮೀಟರಿನ ಎಂಜಿನ್, ೫೦ ಸೆಂಟಿಮೀಟರ್ ಪಟ್ಟಿ, ಅಂಗುಲದ ಎಂಟರಲ್ಲಿ ಮೂರು ಪಾಲು ಪಿಚ್ಚಿನ ಸರಪಳಿ, ಇವು ಒಂದಕ್ಕೊಂದು ಒಪ್ಪುವುವು. ಇಂದು ಬ್ಯಾಟರಿಯ ಗರಗಸಗಳೂ ಬಂದಿವೆ. ತೆಳು ಕೊಂಬೆಗಳಿಗೆ ಅವು ಚೆನ್ನು. ದಿನವಿಡೀ ಕೊಯ್ಯಬೇಕಾದವನು ಬದಲಿ ಬ್ಯಾಟರಿಗಳನ್ನು ಜೊತೆಗಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಲೆಕ್ಕಹಾಕಿ ಕೊಂಡ ಗರಗಸವೂ ಹಲ್ಲು ಮೊಂಡಾದರೆ ವ್ಯರ್ಥ. ನೆಲದ ಕಲ್ಲಿಗೆ ಕ್ಷಣಮಾತ್ರ ತಾಗಿದರೂ ಅಂಚು ಹೋಯಿತು. ತೆಂಗಿನ ಕಾಂಡದಲ್ಲಿ ಸಿಲಿಕದ ಕಣಗಳಿರುವುದರಿಂದ ಅದೂ ಹಲ್ಲನ್ನು ಬೇಗನೆ ಸವೆಸುವುದು. ಪರೀಕ್ಷೆ ಸುಲಭ: ಬೀಳುವುದು ಚಕ್ಕೆಯೋ ಹಿಟ್ಟೋ ಎಂದು ನೋಡಿದರಾಯಿತು. ಹಿಟ್ಟು ಬೀಳತೊಡಗಿದರೆ ಕೂಡಲೆ ನಿಲ್ಲಿಸಿ, ೦.೩೨೫ ಪಿಚ್ಚಿನ ಸರಪಳಿಗೆ ೪.೮ ಮಿಲಿಮೀಟರಿನ ದುಂಡು ಅರದಿಂದ, ತಯಾರಕರು ಹೇಳಿದ ಕೋನದಲ್ಲಿ, ಪ್ರತಿ ಹಲ್ಲಿಗೂ ಸಮವಾಗಿ ಎರಡು ಮೂರು ಸಾರಿ ಉಜ್ಜಬೇಕು. ಹಲ್ಲು ಸವೆದಂತೆ ಅದರ ಎತ್ತರವೂ ತಗ್ಗುವುದರಿಂದ ಮುಂದಿನ ಉಬ್ಬನ್ನೂ ಆಗಾಗ ಚಪ್ಪಟೆ ಅರದಿಂದ ತಗ್ಗಿಸಬೇಕು. ಬೇಗ ಕೊಯ್ಯಲೆಂದು ಇದನ್ನು ಮಿತಿಮೀರಿ ಉಜ್ಜಿದರೆ ಹಲ್ಲು ಅತಿಯಾಗಿ ಕಚ್ಚಿ, ಮೇಲೆ ಹೇಳಿದ ಎಗರುವಿಕೆಯ ಭಯವು ಇಮ್ಮಡಿಸುವುದು.

ಇನ್ನು ಉಡುಪು. ಗರಗಸದ ಸದ್ದು ೧೦೦ ಡೆಸಿಬೆಲ್ಲಿಗೂ ಮೀರುವುದರಿಂದ ಕಿವಿಗೆ ಮುಚ್ಚಳ ಬೇಕು. ಕಣ್ಣಿಗೆ ಜಾಲರಿ, ತಲೆಗೆ ಗಟ್ಟಿ ಟೊಪ್ಪಿಗೆ ಬೇಕು. ಕಾಲಿಗೆ ತೊಡುವ ಕಾಪಿನ ಉಪಾಯವಂತೂ ಮೆಚ್ಚತಕ್ಕದ್ದು. ಅದರ ಪದರಗಳಲ್ಲಿ ಸಡಿಲವಾಗಿ ತುಂಬಿರುವ ಉದ್ದನೆಯ ಎಳೆಗಳು ಸರಪಳಿ ತಗುಲಿದೊಡನೆ ಕಿತ್ತುಬಂದು, ಹಲ್ಲುಚಕ್ರಕ್ಕೆ ಸುತ್ತಿಕೊಂಡು, ಕ್ಷಣಾರ್ಧದಲ್ಲಿ ಗರಗಸವನ್ನೇ ಕಟ್ಟಿಹಾಕುವುವು.