ಗರ್ಭಪಾತ ಚಿಕಿತ್ಸೆಯ ಸುರಕ್ಷತೆಯನ್ನು ಅಳೆಯುವ ಬಗೆ

ತಿಪಟೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಉಂಡೆ ಕೊಬ್ಬರಿಯ ಪರೀಕ್ಷೆಯನ್ನು ಯಾರೂ ಕಲಿಸಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗಿನ ಗಿಟುಕು ಚಿಪ್ಪನ್ನು ಬಿಟ್ಟು ಸದ್ದು ಮಾಡಿದರೆ, ಕಾಯಿ ಒಣಗಿತೆಂದು ತಿಳಿಯುತ್ತೇವೆ. ಆದರೆ ಒಳಗೆ ಬೂಷ್ಟು ಹಿಡಿದಿದೆಯೇ ಎಂಬುದನ್ನು ಒಡೆದೇ ನೋಡಬೇಕು. ಒಂದೊಂದು ಗುಣಕ್ಕೆ ಒಂದೊಂದು ಪರೀಕ್ಷೆ. ಎಲ್ಲಕ್ಕೂ ಒಂದೇ ಪರೀಕ್ಷೆ ಸಾಲದು.

ಆಸ್ಪತ್ರೆಯ ಚಿಕಿತ್ಸೆಯನ್ನು ತೂಗಿ ನೋಡುವಾಗಲೂ ಈ ಮಾತು ಸಲ್ಲುತ್ತದೆ. “ಆ ವೈದ್ಯರ ಕೈಗುಣ ಒಳ್ಳೆಯದು”, “ಅಲ್ಲಿ ಯಾರೂ ಸತ್ತಿಲ್ಲ” ಎಂಬ ಜನರ ಮಾತು ಪರೀಕ್ಷೆಯಾಗಲಾರದು. ಗರ್ಭಪಾತದ ವಿಷಯದಲ್ಲಂತೂ ಇಂಥ ಊಹೆ ಇನ್ನಷ್ಟು ಅಪಾಯಕರ. ನಾಚಿಕೆಯಿಂದ ವಿಷಯವನ್ನೇ ಮುಚ್ಚಿಡುವುದರಿಂದ ತಪ್ಪುಗಳೂ ಮುಚ್ಚಿಹೋಗುತ್ತವೆ. 2010ರಿಂದ 2014ರವರೆಗೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 2 ಕೋಟಿ 50 ಲಕ್ಷ ಅಸುರಕ್ಷಿತ ಗರ್ಭಪಾತಗಳು ನಡೆದುವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಅಂದಾಜು ಮಾಡಿದ್ದಾರೆ. ಆ ಅವಧಿಯ ಒಟ್ಟು ಗರ್ಭಪಾತಗಳಲ್ಲಿ ಇವು ನೂರಕ್ಕೆ 45ರಷ್ಟು.

ಹಾಗಾದರೆ ಚಿಕಿತ್ಸೆಯ ಗುಣವನ್ನು ಅಳೆಯುವುದೆಂತು? ಬೇರೂತಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವೈದ್ಯ ಅವೆಡಿಸ್ ಡೊನಬೀಡಿಯನ್ ಅವರು 1966ರಲ್ಲಿ ಇದಕ್ಕೆ ಮೂರು ಮುಖಗಳನ್ನು ತೋರಿಸಿಕೊಟ್ಟರು: ವ್ಯವಸ್ಥೆ, ವಿಧಾನ, ಫಲ. ಇವನ್ನು ಒಂದೊಂದಾಗಿ ಪರಿಶೀಲಿಸೋಣ.

ವ್ಯವಸ್ಥೆಯೆಂದರೆ ಕಟ್ಟಡ, ಸಲಕರಣೆ, ಔಷಧ, ತರಬೇತಿ ಪಡೆದ ಸಿಬ್ಬಂದಿ. ನಮ್ಮ ದೇಶದಲ್ಲಿ ಶಾಂತಿಲಾಲ್ ಷಾ ಸಮಿತಿಯು 1966ರಲ್ಲಿ ಒಪ್ಪಿಸಿದ ವರದಿಯನ್ನು ಅನುಸರಿಸಿ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆಯಾಯಿತು. 1972ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಸರ್ಕಾರಿ ಆಸ್ಪತ್ರೆಗಳಿಗೆ ಪ್ರತ್ಯೇಕ ಮಂಜೂರಾತಿ ಬೇಕಿಲ್ಲ. ಖಾಸಗಿ ಆಸ್ಪತ್ರೆಯು ಜಿಲ್ಲಾ ಸಮಿತಿಯ ಒಪ್ಪಿಗೆಯನ್ನು ಪಡೆಯಬೇಕು. ಸಲಕರಣೆಗಳನ್ನು ಕ್ರಿಮಿಶುದ್ಧಗೊಳಿಸುವ ಏರ್ಪಾಡು, ಆಘಾತಕ್ಕೊಳಗಾದವರಿಗೆ ತುರ್ತುಚಿಕಿತ್ಸೆ, ದೊಡ್ಡ ಆಸ್ಪತ್ರೆಗೆ ಸಾಗಿಸುವ ವಾಹನದ ಅನುಕೂಲ ಇವೆಲ್ಲ ಅಲ್ಲಿರಬೇಕು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಲ್ಲಿರುವವರಿಗೆ ಈ ಕೊನೆಯ ಅಂಶ ಎಷ್ಟು ಮುಖ್ಯವೆಂಬುದನ್ನು ವಾಚಕರೇ ಊಹಿಸಬಹುದು.

ವಿಧಾನವೆಂದರೆ ಚಿಕಿತ್ಸೆಯನ್ನು ನಡೆಸುವ ಕ್ರಮ. ಗರ್ಭಕೋಶದ ಒಳಗೋಡೆಯನ್ನು ಲೋಹದ ಸಲಕರಣೆಯಿಂದ ಕೆರೆಯುವ ಹಳೆಯ ಪದ್ಧತಿಯನ್ನು ಬಿಟ್ಟು, ನಿರ್ವಾತದಿಂದ ಹೀರುವ ಪದ್ಧತಿಯನ್ನಾಗಲಿ ಔಷಧಗಳನ್ನಾಗಲಿ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಇಂದಿಗೂ ಕೆರೆಯುವ ಪದ್ಧತಿಯನ್ನೇ ನೆಚ್ಚಿದ ಆಸ್ಪತ್ರೆ ಈ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತದೆ. ವಯಸ್ಕಳಾದ ಸ್ತ್ರೀಯ ಒಪ್ಪಿಗೆಯಷ್ಟೇ ಕಾನೂನಿಗೆ ಬೇಕು. ಪತಿಯ ಸಹಿಯನ್ನು ಕೇಳುವುದು ಕಾನೂನಲ್ಲ. ಹದಿನೆಂಟು ತುಂಬದವಳಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಆಕೆಯ ಹೆಸರು ಗುಟ್ಟಾಗಿರಬೇಕು. ಅತಿಯಾದ ರಕ್ತಸ್ರಾವ, ಜ್ವರ, ದುರ್ಗಂಧದ ಸ್ರಾವ ಕಂಡರೆ ತಡಮಾಡದೆ ಮರಳಿ ಬರಬೇಕೆಂದು ಆಕೆಗೆ ತಿಳಿಸಿ ಕಳುಹಿಸಬೇಕು.

ಮೂರನೆಯದು ಫಲ; ಎಂದರೆ ಗುಣವಾದವರೆಷ್ಟು, ತೊಡಕಿಗೆ ಸಿಕ್ಕಿದವರೆಷ್ಟು ಎಂಬ ಲೆಕ್ಕ. ಇದೊಂದೇ ಸಾಕಲ್ಲವೆ ಎಂದು ತೋರಬಹುದು. ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಆಸ್ಪತ್ರೆಯಲ್ಲಿ ವರ್ಷಕ್ಕೆ 400 ಮಂದಿಗೆ ಚಿಕಿತ್ಸೆಯಾಗಿ 4 ಮಂದಿಗೆ ತೊಡಕುಂಟಾಯಿತು; ಇನ್ನೊಂದರಲ್ಲಿ 20 ಮಂದಿಗೆ ಚಿಕಿತ್ಸೆಯಾಗಿ ಯಾರಿಗೂ ತೊಡಕಿಲ್ಲ. ಎರಡನೆಯದೇ ಉತ್ತಮವೆನ್ನೋಣವೇ? ಅಲ್ಲಿಯೂ ನೂರಕ್ಕೆ ಒಬ್ಬರಿಗೆ ತೊಡಕಾಗುವ ಸಂಭವವೇ ಇದೆಯೆಂದುಕೊಂಡರೂ, 20 ಮಂದಿಯೂ ಸುಖವಾಗಿ ಮನೆಗೆ ಮರಳುವ ಸಂಭವ 0.99ರ 20ನೆಯ ಘಾತ. ಎಂದರೆ ನೂರಕ್ಕೆ ಸುಮಾರು 82. ಆದುದರಿಂದ ಆ ಸೊನ್ನೆಯು ಜಾಣ್ಮೆಯ ಗುರುತಾಗಿರಬಹುದು, ಬರಿಯ ಅದೃಷ್ಟವೂ ಆಗಿರಬಹುದು. ಮರಳಿ ಬಾರದವರ ಗತಿಯನ್ನು ವಿಚಾರಿಸದ ಆಸ್ಪತ್ರೆಯಲ್ಲಂತೂ ಸೊನ್ನೆಗೆ ಅರ್ಥವೇ ಇಲ್ಲ.

ವ್ಯವಸ್ಥೆಯಿದ್ದೂ ವಿಧಾನ ತಪ್ಪಿದರೆ ಏನಾಗುವುದೆಂಬುದನ್ನು ಕನ್ನಡ ನಾಡಿನ ಮಗಳೊಬ್ಬಳ ಸಾವು ಜಗತ್ತಿಗೇ ತಿಳಿಸಿತು. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ ಅವರು ಐರ್ಲೆಂಡಿನಲ್ಲಿ ನೆಲೆಸಿದ್ದರು. 17 ವಾರಗಳ ಗರ್ಭಿಣಿಯಾಗಿದ್ದಾಗ, 2012ರ ಅಕ್ಟೋಬರ್ 21ರಂದು, ಬೆನ್ನುನೋವೆಂದು ಗಾಲ್ವೇ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋದರು. ಗರ್ಭ ಉಳಿಯದೆಂದು ಗೊತ್ತಾಯಿತು, ನೆತ್ತಿನೀರು ಒಡೆಯಿತು. ಗರ್ಭವನ್ನು ತೆಗೆಯಿರೆಂದು ಅವರು ಬೇಡಿದರು. ಭ್ರೂಣದ ಹೃದಯ ಮಿಡಿಯುತ್ತಿರುವವರೆಗೆ ಅಲ್ಲಿಯ ಕಾನೂನು ಒಪ್ಪದೆಂಬ ಉತ್ತರ ಬಂದಿತು. ಅಷ್ಟರಲ್ಲಿ ರಕ್ತಕ್ಕೆ ನಂಜೇರಿ, ಅಕ್ಟೋಬರ್ 28ರಂದು, 31ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಐರ್ಲೆಂಡಿನ ಆರೋಗ್ಯ ಗುಣಮಟ್ಟದ ಪ್ರಾಧಿಕಾರವು ಈ ಚಿಕಿತ್ಸೆಯನ್ನು ಹಂತಹಂತವಾಗಿ ಪರಿಶೀಲಿಸಿ 2013ರ ಅಕ್ಟೋಬರಿನಲ್ಲಿ ವರದಿಯನ್ನು ಪ್ರಕಟಿಸಿತು. ಆ ವರದಿಯು ಕೈತಪ್ಪಿದ 13 ಅವಕಾಶಗಳನ್ನು ಗುರುತಿಸಿತು. ಆಸ್ಪತ್ರೆಯಲ್ಲಿ ಯಂತ್ರಗಳಿಗಾಗಲಿ ತಜ್ಞರಿಗಾಗಲಿ ಕೊರತೆಯಿರಲಿಲ್ಲ. ಆದರೆ ರಕ್ತಪರೀಕ್ಷೆಯ ಫಲಿತಾಂಶದ ಬೆನ್ನು ಹಿಡಿದವರಿಲ್ಲ. ನಾಡಿ, ಉಷ್ಣ, ರಕ್ತದೊತ್ತಡಗಳನ್ನು ನಿಯಮಿತ ಕಾಲಕ್ಕೆ ನೋಡಲಿಲ್ಲ. ಸ್ಥಿತಿ ಕೆಡುತ್ತಿರುವುದನ್ನು ಸಕಾಲದಲ್ಲಿ ಗುರುತಿಸಲಿಲ್ಲ. ತರುವಾಯ ಆ ದೇಶದ ಹೆರಿಗೆ ಆಸ್ಪತ್ರೆಗಳಿಗೆ ಮುನ್ನೆಚ್ಚರಿಕೆಯ ಪಟ್ಟಿಯೊಂದನ್ನು ಕೊಡಲಾಯಿತು. ಈ ಎಲ್ಲ ಅಂಕೆಗಳನ್ನೂ ಒಂದೇ ಹಾಳೆಯಲ್ಲಿ ಗುರುತಿಸುವುದರಿಂದ, ಮಿತಿ ಮೀರಿದ ಅಂಕೆ ಬಣ್ಣದ ಮನೆಯಲ್ಲಿ ಬಿದ್ದು ಕಣ್ಣಿಗೆ ಹೊಡೆಯುತ್ತದೆ. 2018ರ ಮೇ 25ರಂದು ನಡೆದ ಜನಮತದಲ್ಲಿ ನೂರಕ್ಕೆ 66ಕ್ಕಿಂತ ಹೆಚ್ಚು ಮಂದಿ ಗರ್ಭಪಾತದ ನಿಷೇಧವನ್ನು ತೆಗೆದುಹಾಕಲು ಒಪ್ಪಿದರು.

ನಮ್ಮ ಕಾನೂನಾದರೋ 2021ರ ತಿದ್ದುಪಡಿಯಿಂದ, ತಕ್ಕ ಕಾರಣವಿದ್ದರೆ, 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದಿಂದಲೂ, ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಇಬ್ಬರ ಅಭಿಪ್ರಾಯದಿಂದಲೂ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. ಹೀಗಿದ್ದೂ 2015ರಲ್ಲಿ ಭಾರತದಲ್ಲಿ ನಡೆದುವೆಂದು ಅಂದಾಜಾದ 1 ಕೋಟಿ 56 ಲಕ್ಷ ಗರ್ಭಪಾತಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಸ್ಪತ್ರೆಗಳ ಹೊರಗೆ, ಔಷಧಗಳಿಂದಲೇ ನಡೆದುವು. ಆ ಔಷಧಗಳು ಸ್ವತಃ ಕೆಟ್ಟವಲ್ಲ; ಆದರೆ ಸರಿಯಾದ ತಿಳಿವಳಿಕೆ ಹೇಳುವವರೂ ತೊಡಕಾದಾಗ ನೋಡುವವರೂ ಇಲ್ಲದಿದ್ದರೆ ಅಪಾಯವುಂಟು. ಯಾವ ದಾಖಲೆಯಲ್ಲಿಯೂ ಸೇರದ ಇಂಥ ಚಿಕಿತ್ಸೆಯನ್ನು ಅಳೆಯುವುದೂ ಕಷ್ಟ.

ನಮ್ಮ ಓದುಗರಲ್ಲಿ ಕೆಲವರು ನಾಳೆ ದಾದಿಯರೋ ವೈದ್ಯರೋ ಆಗುವರು. ಉಳಿದವರು ಅಕ್ಕತಂಗಿಯರೊಡನೆ ಆಸ್ಪತ್ರೆಯ ಬಾಗಿಲಿಗೆ ಹೋಗುವರು. ಈ ಜಾಗಕ್ಕೆ ಮಂಜೂರಾತಿ ಇದೆಯೇ, ಯಾವ ಪದ್ಧತಿಯನ್ನು ಬಳಸುತ್ತಾರೆ, ರಾತ್ರಿ ಜ್ವರ ಬಂದರೆ ಯಾರ ಬಳಿ ಬರಬೇಕು ಎಂದು ಸಂಕೋಚವಿಲ್ಲದೆ ಕೇಳುವುದನ್ನು ಎಲ್ಲರೂ ಕಲಿಯಬೇಕು. ಗಾಲ್ವೇಯಲ್ಲಿ ಬೇಕಾಗಿದ್ದ ಅಂಕೆ ಮೊದಲ ದಿನದ ರಕ್ತಪರೀಕ್ಷೆಯಲ್ಲಿಯೇ ಇದ್ದಿತು. ಅದನ್ನು ಸಕಾಲದಲ್ಲಿ ಓದುವವರು ಇರಲಿಲ್ಲ.